ನಕ್ಷತ್ರಲೋಕದ ಒಕ್ಕಲು

ಅಮೆರಿಕದ ಲೇಖಕ ಐಸಾಕ್ ಅಸಿಮೋವರ ‘ಫೌಂಡೇಷನ್’ (1951) ಕಾದಂಬರಿಯನ್ನು ನಾನು ಓದಿದ್ದು ಮೂಡಿಗೆರೆ ಸೀಮೆಯಲ್ಲಿ ಅಧ್ಯಾಪಕನಾಗಿದ್ದ ಕಾಲದಲ್ಲಿ. ಹೊರಗೆ ಆಷಾಢದ ಮಳೆ, ಒಳಗೆ ಲಾಟೀನು. ಆ ಕಥೆಯಲ್ಲಿ ಮನುಷ್ಯನು ಇಡೀ ಆಕಾಶಗಂಗೆಯನ್ನು ತುಂಬಿಕೊಂಡಿದ್ದಾನೆ. ಅವನು ನೆಲೆಸಿರುವ ಗ್ರಹಗಳು ಸುಮಾರು 2.5 ಕೋಟಿ. ರಾಜಧಾನಿಯಾದ ಟ್ರಾಂಟರ್ ಒಂದರಲ್ಲೇ 4,000 ಕೋಟಿ ಜನ!

ಗಣಿತದ ಮೇಷ್ಟ್ರಾದ ನನಗೆ ಲೆಕ್ಕ ಹಾಕದೆ ನಿದ್ದೆ ಬರಲಿಲ್ಲ. ನಮ್ಮ ಆಕಾಶಗಂಗೆಯಲ್ಲಿ 10,000 ಕೋಟಿ ನಕ್ಷತ್ರಗಳಿವೆ ಎಂದಿಟ್ಟುಕೊಂಡರೂ, ನಾಲ್ಕು ಸಾವಿರ ನಕ್ಷತ್ರಗಳಿಗೆ ಒಂದು ಮನೆಯಾಯಿತು. ಅಬ್ಬಾ, ಎಂಥ ಒಂಟಿತನ ಎನಿಸಿತು. ಆದರೆ ಮಲೆನಾಡಿಗರಿಗೆ ಇದು ಹೊಸತೇನೂ ಅಲ್ಲ. ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗಬೇಕಾದರೆ ನಡುವೆ ತೋಟ, ಹಳ್ಳ, ಕಾಡು. ನೆರೆಮನೆ ಇದೆ ಎಂಬುದಕ್ಕೆ ಸಂಜೆಯ ಹೊಗೆಯೇ ಸಾಕ್ಷಿ.

ನನ್ನನ್ನು ಹೆಚ್ಚು ಕಾಡಿದ್ದು ಆ ಸಂಖ್ಯೆಯಲ್ಲ. ಅಷ್ಟು ದೂರ ಹರಡಿದ ಆ ಜನ ತಾವು ಹೊರಟ ಭೂಮಿಯನ್ನೇ ಮರೆತಿದ್ದಾರೆ. ಮನುಕುಲದ ಮೂಲ ಯಾವ ನಕ್ಷತ್ರವೆಂದು ಅಲ್ಲಿಯ ಪಂಡಿತರು ಚರ್ಚಿಸುತ್ತಾರೆ. ಮುಂದಿನ ಭಾಗದಲ್ಲಿ ಸಾಮ್ರಾಜ್ಯ ಕುಸಿದು ಟ್ರಾಂಟರ್ ಸೂರೆಯಾಗುತ್ತದೆ. ಉಳಿದವರು ನಗರದ ಲೋಹವನ್ನು ಕಿತ್ತು ಮಾರಿ, ಅಡಿಯ ಮಣ್ಣಿನಲ್ಲಿ ಬೇಸಾಯ ಮಾಡುತ್ತಾರೆ. ಇದು ಅತಿಯಾಯಿತೆಂದು ಆಗ ನಕ್ಕಿದ್ದೆ.

ಕಳಸದಾಚೆಯ ಕುದುರೆಮುಖವನ್ನು ಕಂಡಮೇಲೆ ಆ ನಗು ಉಳಿಯಲಿಲ್ಲ. 1976ರಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಸ್ಥಾಪನೆಯಾಯಿತು. ಇರಾನಿಗೆ ಅದಿರು ಕಳುಹಿಸುವ ಒಪ್ಪಂದದಿಂದ ಮೊದಲಾದ ಯೋಜನೆ. 1979ರ ಕ್ರಾಂತಿಯ ನಂತರ ಇರಾನ್ ಹಿಂದೆ ಸರಿಯಿತು, ಗಣಿ ಮಾತ್ರ ನಡೆಯಿತು. ಪುಡಿಯಾದ ಅದಿರು ನೀರಿನೊಡನೆ ಕೊಳವೆಯಲ್ಲಿ ಘಟ್ಟವಿಳಿದು ಮಂಗಳೂರು ಸೇರುತ್ತಿತ್ತು. ಭದ್ರೆಯ ಕಣಿವೆಯಲ್ಲಿ ಶಾಲೆ, ಆಸ್ಪತ್ರೆ, ಸಾಲುಮನೆಗಳ ಊರೊಂದು ಎದ್ದಿತು. 2002ರಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪು ಬಂದು, 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಕಾಡಿಗೂ ನದಿಗೂ ಅದು ಬೇಕಿತ್ತು. ಈ ಮಾತಿನಲ್ಲಿ ನನಗೆ ಎರಡನೆಯ ಅಭಿಪ್ರಾಯವಿಲ್ಲ. ಆದರೆ ಸಂಸಾರಗಳು ಒಂದೊಂದಾಗಿ ಗಂಟುಮೂಟೆ ಕಟ್ಟಿದವು, ಮನೆಗಳಿಗೆ ಬೀಗ ಬಿತ್ತು.

ಅಲ್ಲಿ ಹುಟ್ಟಿ ಬೆಳೆದ ಶಿಷ್ಯೆಯೊಬ್ಬಳು ಕೆಲವು ವರ್ಷಗಳ ಹಿಂದೆ ನನ್ನನ್ನು ಹುಡುಕಿಕೊಂಡು ಬಂದಳು. ತಂದೆ ಆಂಧ್ರದವರು, ತಾಯಿ ಕಾರ್ಕಳದ ಕಡೆಯವರು. ತಾನೀಗ ಪುಣೆಯಲ್ಲಿ ಸಂಸಾರಸ್ಥೆ. “ಸಾರ್, ಮಗನ ಶಾಲೆಯಲ್ಲಿ ಸ್ವಂತ ಊರು ಯಾವುದೆಂದು ಕೇಳಿದರು. ಏನು ಬರೆಸಲಿ?” ಎಂದಳು. ನಾಲ್ಕು ದಶಕ ಪಾಠ ಹೇಳಿದ ನನಗೆ ಉತ್ತರ ತೋಚಲಿಲ್ಲ. “ನಡೆಯಮ್ಮ, ನೋಡಿಕೊಂಡು ಬರೋಣ” ಎಂದೆ.

ಮಳೆ ಹಿಡಿದು ಗೋಡೆಗಳು ಕಪ್ಪಾಗಿದ್ದವು. ಮನೆಯ ಸಂಖ್ಯೆ ಅಳಿಸಿಹೋಗಿತ್ತು. ಅವಳು ಎರಡು ಸಾಲು ದಾಟಿ, ಮೂರನೆಯದರ ಮುಂದೆ ನಿಂತುಬಿಟ್ಟಳು. ತಾಯಿ ನೆಟ್ಟ ಕೆಂಪು ದಾಸವಾಳ ಕಿಟಕಿಯನ್ನು ಮುಚ್ಚುವಷ್ಟು ಬೆಳೆದಿತ್ತು. ಮಗ, “ಇದು ಯಾರ ಮನೆ ಅಮ್ಮಾ?” ಎಂದು ಕೇಳುತ್ತಲೇ ಇದ್ದ. ಅವಳು ಒಂದು ಕಡ್ಡಿ ಮುರಿದು, ಕರವಸ್ತ್ರವನ್ನು ನೀರಿನಲ್ಲಿ ಅದ್ದಿ ಅದಕ್ಕೆ ಸುತ್ತಿದಳು.

“ಪುಣೆಯ ಬಿಸಿಲಿಗೆ ಚಿಗುರುತ್ತದೆಯೇ ಸಾರ್?” ಎಂದಳು.

ದಾಸವಾಳ ಎಲ್ಲಿಯಾದರೂ ಬರುತ್ತದೆ ಎಂದೆ.