ಬಣ್ಣದ ಪಟ್ಟಿ, ಬೆಳೆಯುವ ಕಾಲು

ಶ್ರೀಮಠದ ಆಶ್ರಯದಲ್ಲಿ ಬೆಳೆದುಬಂದ ನಮ್ಮ ಪ್ರೌಢಶಾಲೆಯ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ನಮ್ಮ ಮಕ್ಕಳು ಗೆದ್ದು ತಂದ ಫಲಕಗಳ ಕಥೆಯನ್ನೇ ಅವರು ನಿರೀಕ್ಷಿಸಿದ್ದಿರಬೇಕು. ಇಪ್ಪತ್ತೇಳು ವರ್ಷ ಇಲ್ಲಿ ದೈಹಿಕ ಶಿಕ್ಷಕನಾಗಿ ಸೇವೆ ಸಲ್ಲಿಸಿದ ನನಗೆ ಅಂಥ ಕಥೆಗಳ ಕೊರತೆಯಿಲ್ಲ. ಆದರೆ ಫಲಕಗಳನ್ನು ಕಚೇರಿಯ ಗಾಜಿನ ಕಪಾಟಿನಲ್ಲಿ ಯಾರು ಬೇಕಾದರೂ ನೋಡಬಹುದು. ಅಲ್ಲಿ ಕಾಣದ ನನ್ನದೊಂದು ತಪ್ಪನ್ನು ಹಿರಿಯರ ಮುಂದೆ ನಿವೇದಿಸಿಕೊಳ್ಳುವುದೇ ಹೆಚ್ಚು ಉಚಿತವೆಂದು ನನಗೆ ತೋರಿತು.

2016ರ ಮಾತು. ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ಶಾಲೆಯ ಮೇಲಿನ ಅಭಿಮಾನದಿಂದ ಒಂದು ಪೆಟ್ಟಿಗೆ ತುಂಬ ನೀಲಿ, ಗುಲಾಬಿ, ಕಪ್ಪು ಬಣ್ಣದ ಅಂಟುಪಟ್ಟಿಯ ಸುರುಳಿಗಳನ್ನು ಕಳುಹಿಸಿಕೊಟ್ಟರು. ಕಿನಿಸಿಯೋ ಟೇಪ್ ಎಂದು ಅದರ ಹೆಸರು. ಜಪಾನಿನ ಕೆಂಜೊ ಕಾಸೆ ಎಂಬ ಚಿಕಿತ್ಸಕರು 1970ರ ದಶಕದಲ್ಲಿ ರೂಪಿಸಿದ್ದು. ಹತ್ತಿಯ ಬಟ್ಟೆಗೆ ಅಂಟು ಬಳಿದ ಈ ಪಟ್ಟಿ ಎಳೆದರೆ ಚರ್ಮದಂತೆ ಹಿಗ್ಗುತ್ತದೆ. ಬೆವರಿಗೂ ಸ್ನಾನಕ್ಕೂ ಬಿಡದೆ ಮೂರು ನಾಲ್ಕು ದಿನ ಮೈಮೇಲೆ ನಿಲ್ಲುತ್ತದೆ. ಅದು ಚರ್ಮವನ್ನು ತುಸು ಮೇಲೆತ್ತಿ ರಕ್ತಸಂಚಾರವನ್ನು ಸರಾಗಗೊಳಿಸುತ್ತದೆ, ಸ್ನಾಯುವಿಗೆ ಬಲ ಕೊಡುತ್ತದೆ ಎಂಬುದು ಪ್ರತಿಪಾದನೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ವಾಲಿಬಾಲ್ ಆಟಗಾರ್ತಿ ಕೆರಿ ವಾಲ್ಶ್ ಅವರ ಭುಜದ ಮೇಲೆ ಕಂಡ ಮೇಲಂತೂ ಈ ಪಟ್ಟಿ ಜಗತ್ತಿನ ಮೈದಾನಗಳಿಗೆಲ್ಲ ಹಬ್ಬಿತು. ನಮ್ಮ ಕೆಂಪುಮಣ್ಣಿನ ಅಂಗಳಕ್ಕೂ ಅದು ಬಂದದ್ದು ನನಗೆ ಹೆಮ್ಮೆಯ ಸಂಗತಿಯಾಗಿತ್ತು.

ಆಗ ನಮ್ಮ ಖೋಖೋ ತಂಡದ ಜೀವಾಳದಂತಿದ್ದವನು ಒಂಬತ್ತನೆಯ ತರಗತಿಯ ಒಬ್ಬ ಹುಡುಗ. ಶ್ರೀಮಠದ ಪ್ರಸಾದ ನಿಲಯದಲ್ಲಿದ್ದವನು, ಹದಿನಾಲ್ಕರ ಪ್ರಾಯ, ಆ ಒಂದೇ ವರ್ಷದಲ್ಲಿ ಗೇಣುದ್ದ ಬೆಳೆದಂತೆ ಕಾಣುತ್ತಿದ್ದ. ಮೊಣಕಾಲ ಚಿಪ್ಪಿನ ಕೆಳಗೆ ನೋವೆಂದು ಎರಡು ಮೂರು ಸಲ ಹೇಳಿದ್ದ. ಖೋಖೋ ಆಟದಲ್ಲಿ ಕುಳಿತಲ್ಲಿಂದ ಚಂಗನೆ ಏಳಬೇಕು, ಕಂಬದ ಬಳಿ ಗಕ್ಕನೆ ತಿರುಗಬೇಕು, ಭಾರವೆಲ್ಲ ಮೊಣಕಾಲಿನದೇ. ತಾಲ್ಲೂಕು ಪಂದ್ಯ ಹತ್ತಿರ ಬಂದಿತ್ತು. ನಾನು ನೀಲಿ ಪಟ್ಟಿಯನ್ನು ಕತ್ತರಿಸಿ, ಪುಸ್ತಿಕೆಯಲ್ಲಿದ್ದ ಚಿತ್ರ ನೋಡಿ ಹಚ್ಚಿದೆ. ಮರುದಿನ ಹುಡುಗ ನಗುತ್ತ ಬಂದು, “ನೋವು ಅರ್ಧಕ್ಕರ್ಧ ಕಡಿಮಿ ಆತ್ರಿ ಸರ” ಎಂದ. ತಾಲ್ಲೂಕಿನಲ್ಲಿ ಗೆದ್ದೆವು. ಜಿಲ್ಲಾ ಪಂದ್ಯದ ದಿನ ಹೊಸ ಪಟ್ಟಿ ಹಚ್ಚಿದೆ. ಎರಡನೆಯ ಸರದಿಯಲ್ಲಿ ಬೆನ್ನಿಗೆ “ಖೋ” ಬಿದ್ದಿತು. ಹುಡುಗ ಕುಳಿತ ಚೌಕದಿಂದ ಏಳಲಿಲ್ಲ.

ಮೂಳೆ ವೈದ್ಯರು ತಿಳಿಯಹೇಳಿದರು. ಬೆಳೆಯುವ ವಯಸ್ಸಿನಲ್ಲಿ ತೊಡೆಯ ಸ್ನಾಯುವಿನ ಬಲವೆಲ್ಲ ಮೊಣಕಾಲ ಕೆಳಗೆ ಇನ್ನೂ ಗಟ್ಟಿಯಾಗದ ಮೂಳೆಯ ತುದಿಯನ್ನು ಜಗ್ಗುತ್ತದೆ. ಓಟ, ನೆಗೆತ ಮಿತಿಮೀರಿದರೆ ಅಲ್ಲಿ ಬಾವು, ಉಬ್ಬು, ನೋವು. 1903ರಲ್ಲಿ ಇದನ್ನು ವಿವರಿಸಿದ ಇಬ್ಬರು ವೈದ್ಯರ ನೆನಪಿಗೆ ಆಸ್‌ಗುಡ್-ಶ್ಲಾಟರ್ ಎಂದೇ ಇದನ್ನು ಕರೆಯುತ್ತಾರೆ. ಆಟವನ್ನು ತಗ್ಗಿಸಿ, ಸ್ನಾಯುಗಳನ್ನು ಹದಗೊಳಿಸಿದರೆ, ಬೆಳವಣಿಗೆ ಮುಗಿಯುವಾಗ ಸಾಮಾನ್ಯವಾಗಿ ತಾನೇ ಶಮನವಾಗುವ ತೊಂದರೆ. ನೋವು ದೇಹ ಕಳುಹಿಸಿದ ಓಲೆ. ನಾನು ಅದನ್ನು ಓದದೆ ಮೇಲೊಂದು ಪಟ್ಟಿ ಅಂಟಿಸಿದ್ದೆ.

ಸುದ್ದಿ ತಿಳಿದು ಹುಡುಗನ ತಂದೆ ಬಂದರು. ಎರಡೆಕರೆ ಒಣಬೇಸಾಯದ ಒಕ್ಕಲಿಗರು. ಕೋಪಿಸಿಕೊಳ್ಳಲಿಲ್ಲ. ಮಗನ ಕಾಲನ್ನು ಸವರಿ, ಕೈಮುಗಿದು ಇಷ್ಟೇ ಹೇಳಿದರು: “ಕುಂಟೋ ಎತ್ತಿನ ಹೆಗಲ ಮ್ಯಾಲ ನಾವು ನೊಗಾ ಇಡೂದಿಲ್ರಿ ಸರ.” ನನ್ನ ಸೇವಾವಧಿಯಲ್ಲಿ ಅದಕ್ಕಿಂತ ದೊಡ್ಡ ಪಾಠವನ್ನು ಯಾವ ತರಬೇತಿ ಶಿಬಿರದಲ್ಲಿಯೂ ನಾನು ಕೇಳಿಲ್ಲ.

ಆಮೇಲೆ ಆ ಪಟ್ಟಿಯ ಕುರಿತು ಓದತೊಡಗಿದೆ. ಹಲವು ಸಂಶೋಧನೆಗಳನ್ನು ಒಟ್ಟುಗೂಡಿಸಿ 2015ರಲ್ಲಿ ನಡೆಸಿದ ವಿಶ್ಲೇಷಣೆಯೊಂದು, ಪಟ್ಟಿಯಿಂದ ಸ್ನಾಯುಬಲ ಹೆಚ್ಚುವುದಿಲ್ಲವೆಂದೇ ಹೇಳಿದೆ. ಅದೇ ವರ್ಷ ಪ್ರಕಟವಾದ ಹಾಂಗ್‌ಕಾಂಗಿನ ಪ್ರಯೋಗ ಇನ್ನೂ ಸ್ವಾರಸ್ಯಕರ. ಅಲ್ಲಿ ಹಚ್ಚಿಸಿಕೊಂಡವರಿಗೆ ಅದು ಇಂಥ ಪಟ್ಟಿಯೆಂಬುದೇ ತಿಳಿಯದಂತೆ ಮಾಡಲಾಗಿತ್ತು. ಬಲದಲ್ಲಿ ಯಾವ ವ್ಯತ್ಯಾಸವೂ ಕಾಣಲಿಲ್ಲ. ಕೆಲವರಿಗೆ ನೋವು ತುಸು ತಗ್ಗಿದಂತೆ ಆಗಬಹುದು, ಅದನ್ನು ಅಲ್ಲಗಳೆಯಲಾರೆ. ಆದರೆ ಬೆಳೆಯುವ ಮಕ್ಕಳಲ್ಲಿ ಆ ತಾತ್ಕಾಲಿಕ ಸಮಾಧಾನವೇ ಅಪಾಯದ ಬಾಗಿಲಾದೀತು.

ಇದಕ್ಕೆ ಪ್ರತಿಯಾಗಿ, ಖರ್ಚಿಲ್ಲದ ಒಂದು ಉಪಾಯ ಫಲ ಕೊಟ್ಟಿದೆ. ನಾರ್ವೆಯಲ್ಲಿ 13ರಿಂದ 17ರ ಪ್ರಾಯದ ಫುಟ್‌ಬಾಲ್ ಆಟಗಾರ್ತಿಯರಿಗೆ ಅಭ್ಯಾಸದ ಮೊದಲು ಸುಮಾರು ಇಪ್ಪತ್ತು ನಿಮಿಷ ಓಟ, ಬಲ, ಸಮತೋಲನದ ವ್ಯಾಯಾಮಗಳನ್ನು ಮಾಡಿಸಿದರು. ತೀವ್ರ ಗಾಯಗಳೂ ಅತಿಶ್ರಮದ ಗಾಯಗಳೂ ಗಮನಾರ್ಹವಾಗಿ ಇಳಿದವೆಂದು 2008ರಲ್ಲಿ ಪ್ರಕಟವಾಯಿತು. ಅಂದಿನಿಂದ ನಮ್ಮ ಅಂಗಳದಲ್ಲಿ ಆ ಬಗೆಯ ಇಪ್ಪತ್ತು ನಿಮಿಷ ತಪ್ಪಲಿಲ್ಲ. ನೋವೆಂದ ಮಗುವನ್ನು ಪಂದ್ಯ ಎಷ್ಟೇ ದೊಡ್ಡದಿರಲಿ ಕೂರಿಸಿದೆವು. ಅದರಿಂದ ಒಂದೆರಡು ಫಲಕಗಳು ಕೈತಪ್ಪಿದವು, ವಿಷಾದವಿಲ್ಲ.

ಪಟ್ಟಿ ಕಳುಹಿಸಿದ ದಾನಿಗಳಿಗೆ ಸಂಕೋಚದಿಂದಲೇ ಎಲ್ಲವನ್ನೂ ಬರೆದೆ. ಅವರು ಬೇಸರಿಸದೆ, “ಹಾಗಾದರೆ ಏನು ಬೇಕು, ಹೇಳಿ ಗುರುಗಳೇ” ಎಂದರು. ಅಂಗಳದ ಕಲ್ಲು ತೆಗೆಸಿ, ಮಣ್ಣು ಹಾಕಿಸಿ ಸಮ ಮಾಡಿಸಿಕೊಟ್ಟರು. ದಾಸೋಹವೆಂದರೆ ಕೊಡುವವರ ಮನಸ್ಸಿಗೆ ಬಂದದ್ದಲ್ಲ, ಪಡೆಯುವವರಿಗೆ ಬೇಕಾದದ್ದು ಎಂಬ ಅರಿವು ಅವರಲ್ಲಿತ್ತು. ದೇಹವನ್ನೇ ದೇಗುಲವೆಂದು ಕಂಡ ಶರಣರ ಪರಂಪರೆಯ ಶಾಲೆ ಇದು. ದೇಗುಲದ ಗೋಡೆ ಬಿರಿದರೆ ಬಣ್ಣ ಬಳಿದು ಮುಚ್ಚುವುದು ನಮಗೆ ತರವಲ್ಲ.

ಆ ಹುಡುಗ ಒಂದೂವರೆ ವರ್ಷ ಆಟದಿಂದ ದೂರವುಳಿದ. ರಾಜ್ಯಮಟ್ಟದ ಅವಕಾಶ ಮತ್ತೆ ಬರಲಿಲ್ಲ. ಆ ಋಣ ನನ್ನ ಮೇಲಿದೆ. ಈಚೆಗೆ ಶ್ರೀಮಠದ ಜಾತ್ರೆಯಲ್ಲಿ ಆಳೆತ್ತರದ ಯುವಕನೊಬ್ಬ ಬಂದು ಬಾಗಿ ಕಾಲುಮುಟ್ಟಿದ. ಅವನೇ. ತೇರಿನ ಹಗ್ಗ ಎಳೆಯಲು ಪಂಚೆ ಎತ್ತಿಕಟ್ಟಿದ್ದ. ಮೊಣಕಾಲ ಕೆಳಗಿನ ಸಣ್ಣ ಉಬ್ಬು ಹಾಗೆಯೇ ಇತ್ತು. “ಈಗ ನೋಯತೈತೇನೋ ತಮ್ಮಾ?” ಎಂದೆ. “ಇಲ್ರಿ ಸರ” ಎಂದು ನಕ್ಕು, ಹಗ್ಗಕ್ಕೆ ಕೈಹಚ್ಚಲು ಓಡಿದ. ಅವನ ಓಟವನ್ನು ಕಣ್ತುಂಬ ನೋಡುತ್ತ ನಿಂತೆ.