ಪಥ್ಯದವರ ಪ್ರವಾಸ: ಆಳಂದ, ಅಫಜಲಪುರ, ಜೇವರ್ಗಿ

‘ಪಥ್ಯ’ವೆಂಬ ಶಬ್ದವು ದಾರಿಯೆಂಬ ಅರ್ಥವುಳ್ಳ ‘ಪಥಿನ್’ ಶಬ್ದದಿಂದ ಹುಟ್ಟಿದುದು. ಪಾಣಿನಿಯ ವ್ಯಾಕರಣದ ಮೇರೆಗೆ, ದಾರಿಯನ್ನು ಬಿಟ್ಟು ಸರಿಯದಿರುವದೇ ಪಥ್ಯವು. ಇದನ್ನು ನಾವು ಬಹುಕಾಲ ವಿದ್ಯಾರ್ಥಿಗಳಿಗೆ ಬಿಡಿಸಿ ಹೇಳಿದ್ದರೂ, ಅದರ ಅರ್ಥವು ನಮ್ಮ ನಾಲಗೆಗೆ ತಿಳಿದುದು ಕಳೆದ ವರುಷ, ವೈದ್ಯರು ಸಕ್ಕರೆಯ ರೋಗವನ್ನು ಕಂಡುಹಿಡಿದು ಊಟದ ಪಟ್ಟಿಯೊಂದನ್ನು ಕೈಗಿತ್ತ ದಿನದಿಂದ. ಪಟ್ಟಿಯೇನೋ ಕ್ರೂರವಾದುದಲ್ಲ. ಎರಡು ಜೋಳದ ರೊಟ್ಟಿ, ತೊಗರಿಬೇಳೆ, ಸೊಪ್ಪಿನ ಪಲ್ಯ, ಮಜ್ಜಿಗೆ, ಒಂದು ಸೌಟು ಅನ್ನ. ಕರಿದುದೂ ಸಿಹಿಯೂ ವರ್ಜ್ಯ. ಮನೆಯಲ್ಲಿ ಕುಳಿತವನಿಗೆ ಈ ದಾರಿಯನ್ನು ಬಿಡದೆ ಇರುವದು ಕಷ್ಟವಲ್ಲ. ಊರಿಂದೂರಿಗೆ ತಿರುಗುವವನ ಪಾಡು ಬೇರೆ; ಅವನಿಗೆ ದಾರಿಯ ಮೇಲೆಯೇ ಅಪಥ್ಯವು ಬಾಣಲೆಯಲ್ಲಿ ಕುದಿಯುತ್ತ ನಿಂತಿರುವದು. ಕಳೆದ ಮಾಘ ಮಾಸದಲ್ಲಿ ಬಂಧುಗಳನ್ನು ಕಾಣುವ ನಿಮಿತ್ತ ಕಲಬುರ್ಗಿ ಜಿಲ್ಲೆಯ ಈ ಮೂರು ತಾಲೂಕುಗಳಲ್ಲಿ ಎಂಟು ದಿನ ಸಂಚರಿಸಿದೆವು. ಅಲ್ಲಿಯ ನೆಲ ನೀರುಗಳ ಜತೆಗೆ ಅಲ್ಲಿಯ ತಿನಿಸುಗಳನ್ನೂ, ತಿನ್ನದೆ ಇರುವ ಜನರನ್ನೂ ನೋಡಿ ಬಂದೆವು.

ಕಲಬುರ್ಗಿಯಿಂದ ಆಳಂದಕ್ಕೆ ಸುಮಾರು 40 ಕಿಲೋಮೀಟರು. ಎರಡೂ ಮಗ್ಗುಲಿಗೆ ಕರಿಯ ಎರೆಭೂಮಿ. ತೊಗರಿಯ ರಾಶಿ ಮುಗಿದು ಕಟ್ಟಿಗೆಯ ಬಣವೆಗಳು ಮಾತ್ರ ಉಳಿದಿದ್ದವು. ಬಿಳಿಜೋಳವು ತೆನೆಯ ಭಾರಕ್ಕೆ ತಲೆಬಾಗಿ ನಿಂತಿತ್ತು. ಈ ಜಿಲ್ಲೆಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆ ದೊರೆತುದನ್ನು ವಾಚಕರು ಬಲ್ಲರು. ಕಡಗಂಚಿಯ ಹತ್ತಿರ, 2009ರಲ್ಲಿ ಸ್ಥಾಪಿತವಾದ ಕೇಂದ್ರೀಯ ವಿಶ್ವವಿದ್ಯಾಲಯದ ಕಟ್ಟಡಗಳು ಬಯಲಿನಲ್ಲಿ ಕಾಣುವವು. ವೈದ್ಯರು ನಮ್ಮ ಪಟ್ಟಿಯಲ್ಲಿ ಬರೆದ ಜೋಳವೂ ತೊಗರಿಯೂ ಮೈಲುಗಟ್ಟಲೆ ಬೆಳೆಯುವ ನಾಡಿದು. ಆದರೂ ಆಳಂದದ ಬಸ್ಸು ನಿಲ್ದಾಣದಲ್ಲಿ ಇಳಿದೊಡನೆ ರೊಟ್ಟಿಯನ್ನು ಹುಡುಕುವದು ಪ್ರಯಾಸವಾಯಿತು. ಕರಿದ ಪದಾರ್ಥಗಳನ್ನು ಹುಡುಕಬೇಕಾಗಲಿಲ್ಲ.

ಆಳಂದವು ಮಹಾರಾಷ್ಟ್ರದ ಗಡಿಗೆ ಅಂಟಿಕೊಂಡ ಊರು. ಲಾಡ್ಲೆ ಮಶಾಯಖರ ದರ್ಗಾದಿಂದ ಪ್ರಸಿದ್ಧವಾದುದು. ಬೀದಿಯಲ್ಲಿ ಕನ್ನಡ, ಮರಾಠಿ, ದಖನಿ ಉರ್ದು ಮೂರೂ ಕೇಳಿಬರುವವು. ತಿನಿಸಿನ ಗಾಡಿಗಳಲ್ಲಿಯೂ ಹಾಗೆಯೇ. ವಡಾಪಾವಿನ ಪಕ್ಕದಲ್ಲಿ ಮಿರ್ಚಿ ಭಜಿ, ಅದರ ಪಕ್ಕದಲ್ಲಿ ಜಿಲೇಬಿ, ಅದರಾಚೆ ‘ಫಾಸ್ಟ್ ಫುಡ್’ ಎಂಬ ಫಲಕದಡಿಯಲ್ಲಿ ಗೋಬಿ ಮಂಚೂರಿ. ಇಂಗ್ಲಿಷರು ವೇಗಕ್ಕೂ ಉಪವಾಸಕ್ಕೂ ‘ಫಾಸ್ಟ್’ ಎಂಬ ಒಂದೇ ಶಬ್ದವನ್ನು ಇಟ್ಟುಕೊಂಡಿರುವದು ಎಂಥ ವಿನೋದ! ಇನ್ನು ಮಿರ್ಚಿಯ ವಿಚಾರ. ಶಬ್ದವು ನಮ್ಮ ‘ಮರೀಚ’ದಿಂದ ಬಂದುದು, ಎಂದರೆ ಕರಿಮೆಣಸಿನ ಹೆಸರು. ಮೆಣಸಿನಕಾಯಿಯಾದರೋ ಹದಿನಾರನೆಯ ಶತಮಾನದಲ್ಲಿ ಪೋರ್ತುಗೀಜರ ಹಡಗಿನಲ್ಲಿ ಅಮೇರಿಕೆಯ ಕಡೆಯಿಂದ ಬಂದು, ಮೆಣಸಿನ ಹೆಸರನ್ನು ತಾನು ತೊಟ್ಟುಕೊಂಡು ಕುಳಿತಿತು. ಆದರೆ ಎಣ್ಣೆಯಲ್ಲಿ ಕರಿಯುವ ವಿದ್ಯೆ ಇಲ್ಲಿ ಹೊಸದಲ್ಲ. ಆಳಂದಕ್ಕೆ ದೂರವಲ್ಲದ ಕಲ್ಯಾಣದಲ್ಲಿ ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರನ ಹೆಸರಿನ ‘ಮಾನಸೋಲ್ಲಾಸ’ವು ಹನ್ನೆರಡನೆಯ ಶತಮಾನದ ಗ್ರಂಥ; ಅದರ ಅನ್ನಭೋಗದ ಪ್ರಕರಣದಲ್ಲಿ ವಟಕ, ಪೂರಿಕೆ ಮೊದಲಾದವು ಬರುತ್ತವೆ. ಅವು ಅರಸನ ಭೋಗಗಳು. ಇಂದು ಇಪ್ಪತ್ತು ರೂಪಾಯಿ ಕಿಸೆಯಲ್ಲಿದ್ದ ಯಾವನೂ ದಿನಕ್ಕೆರಡು ಸಲ ಸೋಮೇಶ್ವರನಾಗಬಹುದು. ಆಳಂದದಲ್ಲಿ ನಾವು ಮೂಗಿಗಷ್ಟೇ ಊಟ ಮಾಡಿಸಿ ಮುಂದೆ ಹೊರಟೆವು.

ದಾರಿಯು ಸ್ವಲ್ಪ ಸುತ್ತಾದರೂ ಗಾಣಗಾಪುರದಲ್ಲಿ ಒಂದು ರಾತ್ರಿ ನಿಂತೆವು. ಆಳಂದದ ಸೀಮೆಯಿಂದ ಹರಿದು ಬರುವ ಅಮರ್ಜೆಯು ಇಲ್ಲಿ ಭೀಮೆಯನ್ನು ಕೂಡುವದು. ಹದಿನೈದನೆಯ ಶತಮಾನದಲ್ಲಿ ಶ್ರೀ ನೃಸಿಂಹ ಸರಸ್ವತಿಗಳು ನೆಲೆಸಿದ ಈ ಕ್ಷೇತ್ರದಲ್ಲಿ ಮಧುಕರಿಯ ಪದ್ಧತಿ ಇಂದಿಗೂ ನಡೆದಿದೆ. ದುಂಬಿಯು ಹೂವಿಂದ ಹೂವಿಗೆ ಹೋಗುವಂತೆ ಐದು ಮನೆಗಳ ಭಿಕ್ಷೆಯನ್ನು ಕೂಡಿಸಿ ಉಣ್ಣುವದು. ದತ್ತನು ಯಾವ ವೇಷದಲ್ಲಾದರೂ ಮಧ್ಯಾಹ್ನದ ಭಿಕ್ಷೆಗೆ ಬರುವನೆಂಬ ನಂಬಿಗೆಯಿಂದ ಭಕ್ತರು ಬಂದವರಿಗೆಲ್ಲ ನೀಡುವದು. ಶ್ರೀಮಂತರಾದ ಯಾತ್ರಿಕರೂ ಜೋಳಿಗೆ ಹಿಡಿದು ನಿಂತುದನ್ನು ಕಂಡೆವು. ಪಥ್ಯದ ದೃಷ್ಟಿಯಿಂದ ನಮಗೆ ಹಿಡಿಸಿದ ಸಂಗತಿಯೆಂದರೆ, ಇಲ್ಲಿ ಎಷ್ಟೆಂಬುದನ್ನೂ ಏನೆಂಬುದನ್ನೂ ನಾಲಗೆಯು ನಿರ್ಣಯಿಸುವದಿಲ್ಲ, ನೀಡುವ ಕೈ ನಿರ್ಣಯಿಸುವದು. ಮರುದಿನ ಏಕಾದಶಿ. ನಮ್ಮ ಎದುರಿನ ಪಂಕ್ತಿಯಲ್ಲಿ ‘ಉಪವಾಸ’ದ ಸಾಬೂದಾಣಿ ಖಿಚಡಿಯು ಬಟ್ಟಲು ಬಟ್ಟಲಾಗಿ ಬಂದಿತು. ಸಾಬೂದಾಣಿಯೆಂದರೆ ಮರಗೆಣಸಿನ ಹಿಟ್ಟು, ಬಹುತೇಕ ಬರಿಯ ಪಿಷ್ಟ. ಅದರೊಡನೆ ಶೇಂಗಾ, ತುಪ್ಪ, ಆಲೂಗಡ್ಡೆ. ತುಪ್ಪವೊಂದನ್ನು ಬಿಟ್ಟರೆ ಮೂರೂ ಅಮೇರಿಕೆಯಿಂದ ಬಂದವು! ಸಕ್ಕರೆಯ ರೋಗಿಗೆ ಇಂಥ ಉಪವಾಸಕ್ಕಿಂತ ಎರಡು ರೊಟ್ಟಿಯ ಊಟವೇ ಮೇಲೆಂದು ನಮ್ಮ ವೈದ್ಯರು ಮೊದಲೇ ಹೇಳಿದ್ದರು.

ಅಫಜಲಪುರ ತಾಲೂಕಿನ ಒಂದು ಹಳ್ಳಿಯಲ್ಲಿ ನಮ್ಮ ಅಣ್ಣನವರು ಒಕ್ಕಲುತನ ಮಾಡಿಕೊಂಡಿರುವರು. ಅವರಿಗೆ ಹನ್ನೆರಡು ವರುಷಗಳಿಂದ ಇದೇ ರೋಗ. ಎರಡು ವರುಷಗಳ ಹಿಂದೆ ಕಾಲಿನ ಗಾಯವು ಮಾಯದೆ ಒಂದು ಬೆರಳನ್ನು ತೆಗೆಯಬೇಕಾಯಿತು. ಅಂದಿನಿಂದ ಅವರು ಪ್ರತಿಜ್ಞೆ ಮಾಡಿದರು: ಕರಿದುದು ಇಲ್ಲ, ಸಿಹಿ ಇಲ್ಲ, ಹಬ್ಬವಿಲ್ಲ, ಪರರ ಮನೆಯ ಪಂಕ್ತಿಯಿಲ್ಲ. ಎಳ್ಳಮಾವಾಸ್ಯೆಯ ದಿನ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಸಜ್ಜೆಯ ರೊಟ್ಟಿ, ಭಜ್ಜಿ, ಕಡುಬು ಉಣ್ಣುವಾಗಲೂ ಅವರೊಬ್ಬರೇ ಮನೆಯಲ್ಲಿ ಕುಳಿತಿದ್ದರಂತೆ. ಇಷ್ಟು ನಿಷ್ಠೆಯಿದ್ದೂ ಮೂರು ತಿಂಗಳ ಸರಾಸರಿಯನ್ನು ತೋರಿಸುವ ರಕ್ತಪರೀಕ್ಷೆಯಲ್ಲಿ ಅಂಕವು 9ರ ಕೆಳಗೆ ಇಳಿಯಲೊಲ್ಲದು. ಈ ಪರೀಕ್ಷೆಯ ವಿಶೇಷವನ್ನು ಹೇಳಬೇಕು. ಹಿಂದಿನ ದಿನ ಹಸಿದು ಹೋದರೆ ಬೆಳಗಿನ ಸಾಮಾನ್ಯ ಪರೀಕ್ಷೆಯನ್ನು ಮರುಳುಗೊಳಿಸಬಹುದು, ಇದನ್ನು ಆಗದು. ಹಾಗೆಯೇ, ತಿಂಗಳಲ್ಲಿ ಒಂದು ದಿನ ಮಿತಿಯಲ್ಲಿ ತಿಂದ ಭಜಿಯು ಇದರಲ್ಲಿ ಕಾಣುವದೇ ಇಲ್ಲವೆನ್ನಬಹುದು. ಇಪ್ಪತ್ತು ದಿನ ತಿಂದುದು ಅಡಗುವದಿಲ್ಲ.

ಸೊಸೆಯು ಒಗೆಯಲು ತೆಗೆದುಕೊಂಡ ಅಂಗಿಯ ಕಿಸೆಯಲ್ಲಿ ಎಣ್ಣೆಯಿಂದ ತೊಯ್ದ ಕಾಗದವನ್ನು ಎರಡು ತಿಂಗಳ ಹಿಂದೆಯೇ ಕಂಡಿದ್ದಳು. ಒಂದಲ್ಲ, ಅನೇಕ ಸಲ. ಬ್ಯಾಂಕು, ಬೀಜ, ಗೊಬ್ಬರ ಎಂದು ಪೇಟೆಗೆ ಹೋದಾಗಲೆಲ್ಲ ಅಣ್ಣನವರು ಬಸ್ಸು ನಿಲ್ದಾಣದ ಹಿಂದೆ ಗೋಡೆಗೆ ಮುಖಮಾಡಿ ನಿಂತು ತಿನ್ನುತ್ತಿದ್ದರು. ಸೊಸೆ ನಮ್ಮ ಮುಂದೆ ಕಣ್ಣೀರಿಟ್ಟು ಹೇಳಿದಳು: “ಕಾಕಾರ, ಮಾವಾರಿಗೆ ನಾ ಹ್ಯಾಂಗ ಕೇಳಲ್ರಿ? ಕೇಳಿದ್ರ ನಾಚಿ ಊಟಾನೇ ಬಿಡ್ತಾರ.” ಮುಂಜಾನೆಯಿಂದ ಹಸಿದು, ಗುಳಿಗೆ ನುಂಗಿ, ಮಧ್ಯಾಹ್ನ ಒಮ್ಮೆಲೆ ಆರೇಳು ಮಿರ್ಚಿ ತಿನ್ನುವದು, ಪಶ್ಚಾತ್ತಾಪದಿಂದ ರಾತ್ರಿ ಮತ್ತೆ ಉಪವಾಸ. ಗುಳಿಗೆಯ ಮೇಲೆ ಹಸಿದಿದ್ದರೆ ರಕ್ತದ ಸಕ್ಕರೆಯು ತೀರ ಕುಸಿದು ಮನುಷ್ಯನು ಬೀಳುವನೆಂಬುದು ಅವರಿಗೆ ತಿಳಿದಿರಲಿಲ್ಲ. ಹೊಲದಲ್ಲಿ ಎರಡು ಸಲ ಕಣ್ಣು ಕತ್ತಲೆ ಬಂದು ಕುಳಿತುಬಿಟ್ಟಿದ್ದರು. ಅದನ್ನೂ ಯಾರಿಗೂ ಹೇಳಿರಲಿಲ್ಲ.

ನಾವು ಉಪದೇಶಕ್ಕೆ ತೊಡಗಲಿಲ್ಲ. ತಮ್ಮನು ಅಣ್ಣನಿಗೆ ಉಪದೇಶ ಮಾಡುವ ಸಂಪ್ರದಾಯ ನಮ್ಮ ಮನೆಯಲ್ಲಿಲ್ಲ. ಮರುದಿನ ಸಂತೆ. “ನಡೀರಿ ಅಣ್ಣಾ, ಸಂತಿಗೆ ಹೋಗೋಣು” ಎಂದೆವು. ಸೊಸೆಯನ್ನೂ ಮೊಮ್ಮಗನನ್ನೂ ಕರೆದುಕೊಂಡೆವು.

ಸಂತೆಯೆಂಬುದು ಈ ಸೀಮೆಯಲ್ಲಿ ಕೊಡುಕೊಳ್ಳುವ ಸ್ಥಳ ಮಾತ್ರವಲ್ಲ. ನಾವು ಚಿಕ್ಕವರಿದ್ದಾಗ ವಾರದ ಆರು ದಿನ ರೊಟ್ಟಿ, ಪುಂಡಿಪಲ್ಯ, ಹಿಂಡಿ. ಏಳನೆಯ ದಿನ ತಂದೆಯವರು ಸಂತೆಯಿಂದ ಮರಳುವ ಹೊತ್ತಿಗೆ ಊರ ಅಗಸಿಯ ಕಟ್ಟೆಯ ಮೇಲೆ ಮಕ್ಕಳೆಲ್ಲ ಸಾಲುಗಟ್ಟಿ ಕುಳಿತಿರುವದು. ಅವರ ಚೀಲದ ಮೇಲ್ಭಾಗದಲ್ಲಿ ಮುತ್ತುಗದ ಎಲೆಯಲ್ಲಿ ಕಟ್ಟಿದ ಭಜಿ, ಚುರಮುರಿ, ಬೆಂಡು ಬತ್ತಾಸು. ತಣ್ಣಗಾದ ಭಜಿಯನ್ನು ಅವ್ವ ಎಣಿಸಿ ಹಂಚುವಳು. ಒಬ್ಬೊಬ್ಬರಿಗೆ ಎರಡು, ತನಗೆ ಒಂದು ಅಥವಾ ಒಂದೂ ಇಲ್ಲ. ಮತ್ತೆ ಮುಂದಿನ ಸಂತೆಯ ತನಕ ಅದರ ಮಾತಿಲ್ಲ. ಮೀಮಾಂಸಕರು ಕರ್ಮಗಳಲ್ಲಿ ನಿತ್ಯ, ನೈಮಿತ್ತಿಕ ಎಂದು ಭೇದ ಮಾಡುವರಷ್ಟೇ. ನಿಮಿತ್ತವೊಂದು ಬಂದಾಗ ಮಾತ್ರ ಮಾಡತಕ್ಕುದು ನೈಮಿತ್ತಿಕ. ಭಜಿ ಜಿಲೇಬಿಗಳು ಹೀಗೆ ಶುದ್ಧ ನೈಮಿತ್ತಿಕಗಳಾಗಿದ್ದವು. ಸಂತೆ, ಜಾತ್ರೆ, ಉರುಸು ಇವೇ ಅವುಗಳ ನಿಮಿತ್ತ. ಬಸ್ಸು ನಿಲ್ದಾಣದ ಗಾಡಿಯು ಬಂದು ಅವುಗಳನ್ನು ನಿತ್ಯಕರ್ಮ ಮಾಡಿಬಿಟ್ಟಿತು. ಇತ್ತ ಪಥ್ಯವು ಅವುಗಳನ್ನು ನಿಷಿದ್ಧವೆಂದಿತು. ಎರಡರ ನಡುವೆ ಸಂತೆಯ ದಿನವು ಕಳೆದುಹೋಯಿತು. ಅಣ್ಣನವರು ಗೋಡೆಯ ಕಡೆಗೆ ಮುಖಮಾಡಿ ನಿಂತುದಕ್ಕೆ ನಮಗೆ ತೋರಿದ ಕಾರಣವಿದು.

ಅಫಜಲಪುರದ ಸಂತೆಯಲ್ಲಿ ಬದನೆಕಾಯಿ, ಮೆಂತ್ಯ, ಹಸಿಗಡಲೆಗಳ ಗುಂಪೆಗಳ ನಡುವೆ ಒಂದು ತಾಸು ತಿರುಗಿದೆವು. ಮನೆಯಿಂದ ಹೊರಡುವಾಗ ರೊಟ್ಟಿ ಪಲ್ಯ ಉಂಡೇ ಬಂದಿದ್ದೆವು; ಹಸಿದ ಹೊಟ್ಟೆಗೆ ಲೆಕ್ಕ ತಿಳಿಯದು. ಭಜಿಯವನ ಹತ್ತಿರ ಹಲಗೆಯ ಮೇಲೆ ಎಲ್ಲರೂ ಕುಳಿತೆವು. ಒಬ್ಬೊಬ್ಬರಿಗೆ ಎರಡು ಮಿರ್ಚಿ. ಅಣ್ಣನವರು ಸೊಸೆಯ ಮುಖವನ್ನು ನೋಡಿದರು. ಅವಳು ತಲೆಯ ಮೇಲಿನ ಸೆರಗನ್ನು ಸರಿಪಡಿಸಿಕೊಂಡು, “ತಿನ್ರಿ ಮಾವಾರ, ಆರ್ತಾವ” ಎಂದಳು. ಅವರು ಬಹಳ ಸಾವಕಾಶವಾಗಿ, ತುದಿಯಿಂದ ತೊಟ್ಟಿನ ತನಕ, ಎರಡನ್ನೂ ತಿಂದರು. ಮೂರನೆಯದನ್ನು ಕೇಳಲಿಲ್ಲ. ಮೊಮ್ಮಗನಿಗೆ ತಮ್ಮ ತಂದೆಯ ಮುತ್ತುಗದ ಎಲೆಯ ಕತೆ ಹೇಳಿದರು. ಮರಳುವಾಗ ನಿಲ್ದಾಣದ ತನಕ ನಡೆದೇ ಬಂದೆವು; ಉಂಡ ಮೇಲೆ ನಡೆದರೆ ರಕ್ತದ ಸಕ್ಕರೆ ಏರುವದು ಕಡಿಮೆ. ರಾತ್ರಿ ಅವರ ತಾಟಿನಲ್ಲಿ ಒಂದು ರೊಟ್ಟಿ ಕಡಿಮೆಯಿತ್ತು, ಉಪವಾಸವಿರಲಿಲ್ಲ.

ಈ ವಿಷಯವನ್ನು ಅವರ ವೈದ್ಯರಿಗೂ ಮುಚ್ಚುಮರೆಯಿಲ್ಲದೆ ತಿಳಿಸಲಾಯಿತು. ಹದಿನೈದು ದಿನಕ್ಕೊಂದು ಸಂತೆ, ಎರಡು ಮಿರ್ಚಿ, ಗುಳಿಗೆಯ ಹೊತ್ತಿಗೆ ಊಟ ತಪ್ಪಕೂಡದು, ಕಾಲನ್ನು ದಿನಾಲು ನೋಡಿಕೊಳ್ಳಬೇಕು ಎಂದು ಅವರು ಕಟ್ಟು ಮಾಡಿದರು. ಜಿಲೇಬಿಗೆ ಮಾತ್ರ ಒಪ್ಪಲಿಲ್ಲ. ರೂಢಿಯಾದ ಅಹಿತವನ್ನು ಒಮ್ಮೆಲೆ ಬಿಡದೆ ಕಾಲಂಶ ಕಾಲಂಶವಾಗಿ ಬಿಡಬೇಕೆಂದು ಚರಕಸಂಹಿತೆಯಲ್ಲಿಯೂ ವಿಧಿಯಿದೆ. ಈ ವೈದ್ಯರು ಅದನ್ನು ಓದಿದವರಲ್ಲದಿದ್ದರೂ ಅದನ್ನೇ ನುಡಿದರು. ಮೂರು ತಿಂಗಳಾದ ಮೇಲೆ ಸೊಸೆಯು ಫೋನು ಮಾಡಿದಳು: ಅಂಕವು 8.2ಕ್ಕೆ ಇಳಿದಿದೆ. ಇನ್ನೂ ಬಹಳ ಇಳಿಯಬೇಕು. ಭಾರತದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಈ ರೋಗವಿರುವದೆಂದು 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನವು ಹೇಳುವದು. ಅವರಲ್ಲಿ ಎಷ್ಟು ಜನರು ಗೋಡೆಯ ಕಡೆಗೆ ಮುಖಮಾಡಿ ತಿನ್ನುತ್ತಿರುವರೋ, ಅದನ್ನು ಯಾವ ಅಧ್ಯಯನವು ಎಣಿಸಬೇಕು?

ಅಲ್ಲಿಂದ ಕಲಬುರ್ಗಿಗೆ ಮರಳಿ, ಕಟ್ಟಿ ಸಂಗಾವಿಯ ಸೇತುವೆಯ ಮೇಲೆ ಭೀಮೆಯನ್ನು ದಾಟಿ ಜೇವರ್ಗಿಗೆ ಹೋದೆವು. ನದಿಯಲ್ಲಿ ನೀರು ಕಡಿಮೆಯಿದ್ದಿತು. ಷಣ್ಮುಖ ಶಿವಯೋಗಿಗಳ ಊರಾದ ಇದು ಈಗ ವಿಜಯಪುರದ ಕಡೆಗೂ ಶಹಾಪುರದ ಕಡೆಗೂ ದಾರಿಗಳು ಒಡೆಯುವ ಗದ್ದಲದ ಪಟ್ಟಣ. ಸಂಜೆಯ ಹೊತ್ತು ರಸ್ತೆಯಲ್ಲಿ ಗಾಡಿಗಳ ದೀಪಗಳು ಹೊತ್ತಿಕೊಂಡವು. ಒಂದು ಗಾಡಿಯ ಹಿಂದಿನಿಂದ ಒಬ್ಬ ತರುಣನು ಓಡಿಬಂದು ನಮ್ಮ ಕಾಲು ಮುಟ್ಟಿದನು. ನಮ್ಮ ಹಳೆಯ ವಿದ್ಯಾರ್ಥಿ. ಶಬ್ದರೂಪಗಳಲ್ಲಿ ಬಹು ಹಿಂದೆ, ಲೆಕ್ಕದಲ್ಲಿ ಮುಂದೆ ಇದ್ದವನು. ಈಗ ಗೋಬಿ ಮಂಚೂರಿ, ಎಗ್ ರೈಸುಗಳ ಗಾಡಿ ಇಟ್ಟಿರುವನು.

ಅವನ ಹತ್ತಿರ ನಿಂತು ಆ ವ್ಯಾಪಾರದ ಮರ್ಮವನ್ನು ಕೇಳಿದೆವು. 2024ರ ಮಾರ್ಚಿನಲ್ಲಿ ಕರ್ನಾಟಕ ಸರಕಾರವು ಗೋಬಿಗೆ ಕೃತಕ ಬಣ್ಣ ಹಾಕುವದನ್ನು ನಿಷೇಧಿಸಿದ ಮೇಲೆ ಮೊದಮೊದಲು ಗಿರಾಕಿಗಳು “ಕೆಂಪಿಲ್ಲೇನು?” ಎಂದು ಮರಳಿ ಹೋಗುತ್ತಿದ್ದರಂತೆ, ಈಗ ಬ್ಯಾಡಗಿಯ ಖಾರದಪುಡಿಯಿಂದ ಕೆಲಸ ಸಾಗುವದು. ಎಣ್ಣೆಯ ವಿಚಾರ ಕೇಳಿದಾಗ ಸ್ವಲ್ಪ ತಡವರಿಸಿದನು. ಪದೇಪದೇ ಕಾಯಿಸಿದ ಎಣ್ಣೆಗೆ ಆಹಾರ ಸುರಕ್ಷತೆಯ ಪ್ರಾಧಿಕಾರವು ಮಿತಿಯನ್ನು ಹಾಕಿರುವದು, ಕೆಟ್ಟ ಅಂಶವು 25 ಪ್ರತಿಶತಕ್ಕೆ ಮೀರಿದರೆ ಚೆಲ್ಲಬೇಕು. ಆದರೆ ಗಾಡಿಯವನ ಹತ್ತಿರ ಅಳೆಯುವ ಯಂತ್ರವೆಲ್ಲಿ? “ಕರ್ರಗಾದ್ರ ಚೆಲ್ತೀನ್ರಿ ಸರ್ರ,” ಎಂದನು. ಕಾಲೇಜಿನ ಹುಡುಗರು ಬಂದು ಬಂದು ತಟ್ಟೆ ಹಿಡಿದು ನಿಂತು ಹೋಗುತ್ತಿದ್ದರು. ಅವರಲ್ಲಿ ಕೆಲವರು ದಿನಾಲು ಬರುವರೆಂದು ಅವನೇ ಹೇಳಿದನು.

ನಮ್ಮ ಸಂತೆಯ ಪಾಲು ಆ ವಾರ ಮುಗಿದಿತ್ತಾದುದರಿಂದ ಏನೂ ಬೇಡವೆಂದೆವು. ಅವನು ಕೇಳಲಿಲ್ಲ. ಗಾಡಿಯ ಕೆಳಗಿನ ಹಲಗೆಯಿಂದ ಸ್ಟೀಲಿನ ಡಬ್ಬಿಯೊಂದನ್ನು ತೆಗೆದು ನಮ್ಮ ಮುಂದೆ ಬಿಚ್ಚಿದನು. ಎರಡು ಜೋಳದ ರೊಟ್ಟಿ, ಪುಂಡಿಪಲ್ಯ, ಒಂದು ಉಳ್ಳಾಗಡ್ಡಿ. ಮನೆಯಿಂದ ತನ್ನ ಊಟಕ್ಕೆಂದು ತಂದುದು. “ನಾ ಇಲ್ಲೀದು ತಿನ್ನಂಗಿಲ್ರಿ ಸರ್ರ,” ಎಂದು ಮೆಲ್ಲಗೆ ಹೇಳಿ, ಒಂದು ರೊಟ್ಟಿಯನ್ನು ಮುರಿದು ಪಲ್ಯವನ್ನಿಟ್ಟು ನಮ್ಮ ಕೈಗೆ ಕೊಟ್ಟು, ಬಾಣಲೆಯ ಕಡೆಗೆ ತಿರುಗಿದನು.