ಅಜ್ಜಿಯ ಒಂದು ಹಿಡಿಗೆ ಎಷ್ಟು ಗ್ರಾಂ?

ಜಪಾನಿನಲ್ಲಿರುವ ಕನ್ನಡದ ಅಡುಗೆಮನೆಯಲ್ಲಿ ‘ಒಂದು ಕಪ್’ ಎಂದರೆ ಯಾವ ಕಪ್ ಎಂದು ಕೇಳಲೇಬೇಕು. ಇಲ್ಲಿನ ಅಂಗಡಿಯ ಅಳತೆ ಕಪ್ 200 ಮಿಲಿ. ರೈಸ್ ಕುಕ್ಕರ್ ಜೊತೆ ಬರುವ ಕಪ್ 180 ಮಿಲಿ. ಅದು ಇಲ್ಲಿನ ಹಳೆಯ ಅಳತೆ ‘ಗೋ’, ಅಕ್ಕಿ ತುಂಬಿದರೆ ಸುಮಾರು 150 ಗ್ರಾಂ. ಅಮೆರಿಕದ ನೆಂಟರು ಕಳಿಸುವ ರೆಸಿಪಿಯ ಕಪ್ ಸುಮಾರು 240 ಮಿಲಿ. ಇದರ ಮೇಲೆ ಊರಿನಿಂದ ಅಮ್ಮನ ಫೋನು: “ಒಂದು ಪಾವು ಹಾಕೇ, ಸಾಕು.”

ಹಾಗೆಂದು ಎಲ್ಲವನ್ನೂ ತೂಗಬೇಕಿಲ್ಲ. ಇಡ್ಲಿಗೆ ಒಂದು ಪಾಲು ಉದ್ದಿನಬೇಳೆಗೆ ಮೂರು ಪಾಲು ಅಕ್ಕಿ ಎಂದರೆ ಯಾವ ಲೋಟವಾದರೂ ನಡೆಯುತ್ತದೆ, ಎರಡಕ್ಕೂ ಅದೇ ಲೋಟವಾದರೆ ಆಯಿತು. ತೊಂದರೆ ಬರುವುದು ಪದಾರ್ಥವೇ ಬದಲಾದಾಗ. ಸಕ್ಕರೆಯನ್ನೇ ನೋಡಿ. ಇಲ್ಲಿ ಮನೆಮನೆಯಲ್ಲಿ ಬಳಸುವ ‘ಜೋಹಾಕುತೋ’ ಸಕ್ಕರೆ ಸ್ವಲ್ಪ ತೇವ, ಪುಡಿಪುಡಿ. 200 ಮಿಲಿ ಕಪ್ಪಿಗೆ ಸುಮಾರು 130 ಗ್ರಾಂ ಬರುತ್ತದೆ. ಊರಿನಂಥ ಹರಳು ಸಕ್ಕರೆಯಾದರೆ ಅದೇ ಕಪ್ಪಿಗೆ ಸುಮಾರು 180 ಗ್ರಾಂ. ಮೈಸೂರುಪಾಕಿಗೆ ಕಪ್ ಲೆಕ್ಕದಲ್ಲಿ ಹಾಕಿದರೆ ಕಾಲು ಭಾಗಕ್ಕಿಂತ ಹೆಚ್ಚು ಸಕ್ಕರೆ ಖೋತಾ! ಕಡಲೆಹಿಟ್ಟೂ ಹಾಗೆಯೇ; ಜರಡಿ ಹಿಡಿದದ್ದು, ಒತ್ತಿ ತುಂಬಿದ್ದು ಒಂದೇ ತೂಕವಲ್ಲ. ಸಿಹಿತಿಂಡಿ, ಕೇಕು, ಮಸಾಲೆಪುಡಿ, ಇವಕ್ಕೆ ತಕ್ಕಡಿಯೇ ಸರಿ.

ಅಮ್ಮನ ಪಾವು ಎಷ್ಟು ಹಿಡಿಯುತ್ತದೆ ಎಂದು ತಿಳಿಯುವುದು ಸುಲಭ. ಖಾಲಿ ಪಾವನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ, ಕಂಠದವರೆಗೆ ನೀರು ತುಂಬಿ. ಎಷ್ಟು ಗ್ರಾಮೋ ಅಷ್ಟೇ ಮಿಲಿ. ಆಮೇಲೆ ಅದೇ ಪಾವಿನಲ್ಲಿ ಅಕ್ಕಿ, ಬೇಳೆ, ರವೆಯನ್ನು ಒಂದೊಂದಾಗಿ ತುಂಬಿ ತೂಗಿ ಬರೆದಿಡಿ.

ಇದನ್ನು ಮುಂದೂಡಬೇಡಿ. ನನ್ನ ಅಜ್ಜಿಯ ಸಾರಿನ ಪುಡಿಯ ಅಳತೆ ಅವರ ಕೈಯಲ್ಲಷ್ಟೇ ಇತ್ತು. ಅವರು ಹೋದ ಮೇಲೆ ಮನೆಯ ಐದು ಹೆಂಗಸರು ಮಾಡಿ ನೋಡಿದರು. ಐದು ಥರದ ಪುಡಿಗಳಾದವು, ಅಜ್ಜಿಯದಾಗಲಿಲ್ಲ.

ಜಪಾನಿನ ವೈದ್ಯೆ ಕಗಾವಾ ಆಯಾ ಇದೇ ಕಷ್ಟಕ್ಕೆ ದಾರಿ ಹುಡುಕಿದವರು. ನುರಿತವರ ಕೈರುಚಿ ಯಾರಿಗಾದರೂ ಬರುವಂತಾಗಬೇಕೆಂದು ಪಾಕವನ್ನು ಅಳತೆ ಸಮೇತ ಬರೆದಿಟ್ಟರು. 1948ರಲ್ಲಿ ಇಲ್ಲಿನ 200 ಮಿಲಿ ಕಪ್ಪನ್ನೂ 15 ಮತ್ತು 5 ಮಿಲಿ ಚಮಚಗಳನ್ನೂ ರೂಪಿಸಿದರು.

ಕಳೆದ ಬೇಸಿಗೆಯಲ್ಲಿ ಊರಿಗೆ ಹೋದಾಗ ಈ ಕೆಲಸವನ್ನು ಮಗಳಿಗೇ ವಹಿಸಿದೆ. ಇಲ್ಲಿನ ಶಾಲೆಯಲ್ಲಿ ಎರಡನೇ ತರಗತಿಗೆ ಲೀಟರ್, ಡೆಸಿಲೀಟರ್. ಮೂರನೆಯದರಲ್ಲಿ ಗ್ರಾಂ, ಕಿಲೋ. ಆ ವಯಸ್ಸಿನ ಮಕ್ಕಳಿಗೆ ಇದು ಹೇಳಿ ಮಾಡಿಸಿದ ಆಟ.

“ಅಜ್ಜಿ, ಒಂದು ಹಿಡಿ ಅಂದ್ರೆ ಎಷ್ಟು?”

“ನನ್ನ ಹಿಡಿನೋ, ನಿನ್ನ ಹಿಡಿನೋ ಪುಟ್ಟಿ?”

ಅಮ್ಮ ಮೂರು ಸಲ ಕಡಲೆಬೇಳೆ ತೆಗೆದರು: 41, 43, 42 ಗ್ರಾಂ. ಲ್ಯಾಬಿನಲ್ಲಿ ದಿನವೂ ತೂಗುವ ನನಗೇ ಬೆರಗಾಯಿತು. ಮಗಳ ಹಿಡಿ 19 ಗ್ರಾಂ.

ಆದರೆ ಗ್ರಾಂ ಬಂತೆಂದು ಮಾತನ್ನು ಬಿಡಬೇಡಿ. ನಮ್ಮ ಪುಸ್ತಕದ ಎಡಪುಟದಲ್ಲಿ ಅಜ್ಜಿಯ ಮಾತು: ಪಾವು, ಹಿಡಿ, ಬೊಗಸೆ, ಚಿಟಿಕೆ. ಬಲಪುಟದಲ್ಲಿ ಗ್ರಾಂ. ಎರಡನ್ನೂ ಮಗಳೇ ಕನ್ನಡದಲ್ಲಿ ಬರೆಯುತ್ತಾಳೆ. ಜಪಾನಿ ಅಡುಗೆ ಪುಸ್ತಕದಲ್ಲಿ ಎರಡು ಬೆರಳಿಗೆ ಸಿಕ್ಕಷ್ಟು ಉಪ್ಪು ‘ಶೋಶೋ’, ಮೂರು ಬೆರಳಿನದು ‘ಹಿತೊತ್ಸುಮಾಮಿ’. ಅದನ್ನು ಓದಿದ ಮಗು “ಹಾಗಾದ್ರೆ ಚಿಟಿಕೆಗೆ ಎಷ್ಟು ಬೆರಳು?” ಎಂದು ಅಜ್ಜಿಗೇ ಫೋನು ಮಾಡಿ ಕೇಳುತ್ತದೆ. ಕನ್ನಡದಲ್ಲಿ ಮಾತಾಡು ಎಂದು ನಾವು ಹೇಳಬೇಕಾಗುವುದೇ ಇಲ್ಲ.

ಮುಂದಿನ ಸಲ ಊರಿಗೆ ಹೊರಟಾಗ ಪೆಟ್ಟಿಗೆಯಲ್ಲಿ ಒಂದು ಪುಟ್ಟ ಡಿಜಿಟಲ್ ತಕ್ಕಡಿ ಇರಲಿ. ಸಾರಿನ ಪುಡಿಯಿಂದಲೇ ಶುರುಮಾಡಿ.